ನಾಲ್ಕನೇ ಪುಟದ ಉಚ್ಚಂಗಮ್ಮ

ನಮ್ಮ ಕಾಲೇಜಿನಲ್ಲಿ ಅಸೈನ್‌ಮೆಂಟನ್ನು ಯಾರೂ ಬರೆಯುವುದಿಲ್ಲ, ಇಳಿಸುತ್ತಾರೆ. ಹೋದ ವರ್ಷದವರು ಅದರ ಹಿಂದಿನ ವರ್ಷದವರಿಂದ ಇಳಿಸಿರುತ್ತಾರೆ, ಅವರು ತಮಗಿಂತ ಮೊದಲಿನವರಿಂದ. ಎಲ್ಲಕ್ಕೂ ಮೂಲವಾದ ಒಂದು ಪ್ರತಿ ಎಲ್ಲೋ ಇರುತ್ತದೆ. ಅದಕ್ಕೆ ನಾವು ಮದರ್ ಕಾಪಿ ಎನ್ನುತ್ತೇವೆ. ಅದನ್ನು ಕಣ್ಣಾರೆ ಕಂಡವರಿಲ್ಲ. ನಾನೂ ಮೂರು ಸೆಮಿಸ್ಟರ್ ಇಳಿಸಿದವಳೇ. ಅಷ್ಟೇ ಅಲ್ಲ, ನನ್ನ ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ, ಹಳೆಯ ಜೆರಾಕ್ಸಿನಿಂದ ಒಂದು ಚೊಕ್ಕ ಪ್ರತಿ ಮಾಡಿಕೊಡುವ ಕೆಲಸ ಪ್ರತಿ ಸಲವೂ ನನ್ನದೇ. ಅದರ ಫೋಟೋ ಹೊಡೆದು ಅಕ್ಷತಾ ಕ್ಲಾಸಿನ ಗ್ರೂಪಿಗೆ ಹಾಕುತ್ತಾಳೆ. ನಲವತ್ಮೂರು ಜನ ಕೂತು ಇಳಿಸುತ್ತಾರೆ.

ಆ ಏಪ್ರಿಲ್‌ನಲ್ಲಿ ಎರಡು ಕಾಗದ ಒಟ್ಟಿಗೆ ಕೈಗೆ ಬಂದವು. ಒಂದು, ಮೇಜರ್ ಆಯ್ಕೆಯ ಫಾರಂ. ಎರಡು ವರ್ಷ ಜೊತೆಯಲ್ಲಿ ಓದಿದ ಇತಿಹಾಸ, ಅರ್ಥಶಾಸ್ತ್ರ ಎರಡರಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಬೇಕು. ಎರಡನೆಯದು ‘ನಮ್ಮೂರ ಚರಿತ್ರೆ’ ಎಂಬ ಅಸೈನ್‌ಮೆಂಟಿನ ನಮೂನೆ. ಹತ್ತು ಪುಟ, ಕೈಬರಹ. ನಾಲ್ಕನೇ ಪುಟದಲ್ಲಿ ಊರಿನ ಹಿರಿಯರೊಬ್ಬರ ಹೇಳಿಕೆ, ಅದರ ಕೆಳಗೆ ಅವರ ಎಡಗೈ ಹೆಬ್ಬೆಟ್ಟು.

“ಅಸೈನ್‌ಮೆಂಟ್ ನನ್ನ ಟೇಬಲ್ ಮೇಲೆ ಬಂದ ಮೇಲೇ ಫಾರಂಗೆ ಸಹಿ” ಎಂದರು ರೇಣುಕಪ್ರಸಾದ್ ಸರ್. ಇತಿಹಾಸ ವಿಭಾಗದ ಮುಖ್ಯಸ್ಥರು. ನಮ್ಮೂರಿನವರೇ, ಹಿರೇನಲ್ಲೂರಿನಿಂದ ಮೂರು ಮೈಲಿ ಒಳಗೆ ಹೋದರೆ ಸಿಗುವ ಅದೇ ಊರು. ಅವರದು ಮೇಲುಬೀದಿ, ನಮ್ಮದು ಕೇರಿ. ಅವರು ಕಡೂರಿನಲ್ಲಿ ಮನೆ ಕಟ್ಟಿ ಇಪ್ಪತ್ತು ವರ್ಷವಾಗಿತ್ತು. ಎರಡು ವರ್ಷದಲ್ಲಿ ಒಮ್ಮೆಯೂ ಅವರು ನನ್ನನ್ನು ನಮ್ಮೂರ ಹುಡುಗಿ ಎಂದು ಕರೆದಿರಲಿಲ್ಲ, ನಾನೂ ಅವರನ್ನು ನಮ್ಮೂರವರು ಎಂದು ಹೇಳಿಕೊಂಡಿರಲಿಲ್ಲ.

ನನಗೆ ಇತಿಹಾಸ ಬೇಕಿತ್ತು. ಅಪ್ಪನಿಗೆ ಬೇಡವಾಗಿತ್ತು. ಅಪ್ಪ ಲಕ್ಷ್ಮಣಪ್ಪ, ಪಂಚಾಯ್ತಿಯ ವಾಟರ್‌ಮನ್. ಬೆಳಿಗ್ಗೆ ಆರಕ್ಕೆ ವಾಲ್ವ್ ತಿರುಗಿಸಿ ಊರಿಗೆಲ್ಲ ನೀರು ಬಿಡುವವನು.

“ಎಕನಾಮಿಕ್ಸ್ ತಗೊಂಡ್ರೆ ಬ್ಯಾಂಕ್ ಪರೀಕ್ಷೆಗಾದ್ರೂ ಆಯ್ತದೆ ಕಣವ್ವ. ಹಿಸ್ಟ್ರಿ ತಗೊಂಡು ಏನ್ಮಾಡ್ತೀಯ? ಸತ್ತೋರ ಸಮಾಚಾರ ಕೇಳ್ಕೊಂಡ್ ಓಡಾಡ್ತೀಯ?”

“ಯಾರಾದ್ರೂ ಕೇಳ್ಬೇಕಲ್ಲಪ್ಪ.”

“ಕೇಳು. ಸಂಬಳ ಸತ್ತೋರೇ ಕೊಡ್ತಾರೆ.”

ಅಪ್ಪನ ಲೆಕ್ಕ ಸರಿಯಾಗಿಯೇ ಇತ್ತು. ನನ್ನಲ್ಲಿ ಕೋಪ ಒಂದಿತ್ತು. ಎರಡು ವರ್ಷ ಓದಿದ ಪುಸ್ತಕಗಳಲ್ಲಿ ರಾಜರು ಕೆರೆ ಕಟ್ಟಿಸಿದರು, ಪಾಳೇಗಾರರು ಬಾವಿ ತೋಡಿಸಿದರು. ತೋಡಿದವರ ಕೈ ಯಾವುದು ಎಂದು ಒಂದು ಸಾಲೂ ಇರಲಿಲ್ಲ. ಆ ಕೋಪವನ್ನು ಫಾರಂನ ಯಾವ ಕಾಲಂನಲ್ಲಿ ತುಂಬಬೇಕೋ ತಿಳಿಯದೆ, ವಿಷಯದ ಜಾಗವನ್ನು ಖಾಲಿ ಬಿಟ್ಟು ಫಾರಂ ಮಡಚಿ ಇಟ್ಟುಕೊಂಡಿದ್ದೆ.

ಹೋದ ವರ್ಷದ ಜೆರಾಕ್ಸ್ ಬೂದಿ ಬಳಿದ ಹಾಗಿತ್ತು, ಅಕ್ಷರ ಕಾಣುತ್ತಿರಲಿಲ್ಲ.

“ಸ್ಟೋರ್‌ರೂಮಲ್ಲಿ ಹಳೇ ಕಟ್ಟು ಅವೆಯಂತೆ, ಹೋಗಿ ತೆಗೆಯೇ” ಎಂದಳು ಅಕ್ಷತಾ. ಅಜ್ಜಂಪುರದವಳು, ನನ್ನ ಬೆಂಚು, ನನ್ನ ಟಿಫನ್ ಬಾಕ್ಸಿನ ಪಾಲುದಾರಳು. “ನೀನು ಬರ್ದು ಕೊಟ್ರೆ ನಲವತ್ಮೂರು ಜನ ಪಾಸಾಗ್ತೀವಿ. ಪುಣ್ಯ ಬರ್ತದೆ.”

“ನಿಮ್ಮೂರ ಚರಿತ್ರೆ ನಾನ್ಯಾಕೆ ಬರೀಲಿ? ನಿಮ್ಮಜ್ಜಿ ಇದಾರಲ್ಲ, ಅವ್ರನ್ನ ಕೇಳು.”

“ನಮ್ಮಜ್ಜಿ ಸೀರಿಯಲ್ ನೋಡೋವಾಗ ಮಾತಾಡ್ಸಿದ್ರೆ ರಿಮೋಟಲ್ಲಿ ಹೊಡೀತಾಳೆ.”

ಸ್ಟೋರ್‌ರೂಮಿಗೆ ಹೋದಾಗ ಮಟಮಟ ಮಧ್ಯಾಹ್ನ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಒಳಗೆ ಮುರಿದ ಡೆಸ್ಕುಗಳ ಹಿಂದೆ, ಗೋಣಿದಾರದಲ್ಲಿ ಕಟ್ಟಿದ ಅಸೈನ್‌ಮೆಂಟಿನ ಕಟ್ಟುಗಳು ಎದೆಯುದ್ದ ಪೇರಿಸಿದ್ದವು. ಮೇಲಿನದನ್ನು ಬಿಚ್ಚಿ, ಕೈಗೆ ಸಿಕ್ಕಿದ್ದನ್ನು ತೆಗೆದು ನಾಲ್ಕನೇ ಪುಟ ನೋಡಿದೆ. ಊರು: ಲಿಂಗದಹಳ್ಳಿ. ವರ್ಷ: ೨೦೧೮.

ಹೇಳಿಕೆ ಕೊಟ್ಟವರು: ಉಚ್ಚಂಗಮ್ಮ. ವಯಸ್ಸು ೭೨. ಕೂಲಿ.

“ನಮ್ಮ ಊರಿನಲ್ಲಿ ಹಿಂದಿನಿಂದಲೂ ಎಲ್ಲರೂ ಒಂದೇ ತಾಯಿಯ ಮಕ್ಕಳಂತೆ ಬಾಳುತ್ತಿದ್ದೇವೆ. ಯಾವ ಭೇದವೂ ಇಲ್ಲ. ಊರ ಮುಂದಿನ ಹಳೆಯ ಬಾವಿ ಒಣಗಿದ್ದರಿಂದ ಅದನ್ನು ಮುಚ್ಚಲಾಯಿತು. ಬಾವಿಯಲ್ಲಿ ಯಾರೂ ಇಲ್ಲ.”

ಕೊನೆಯ ಸಾಲನ್ನು ಎರಡು ಸಲ ಓದಿದೆ. ಬಾವಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಅವಳನ್ನು ಕೇಳಿದವರು ಯಾರು?

ಇನ್ನೊಂದು ಕಟ್ಟಿನಿಂದ ತೆಗೆದೆ. ಊರು: ತರೀಕೆರೆ. ವರ್ಷ: ೨೦೧೧. ಉಚ್ಚಂಗಮ್ಮ, ೭೨, ಕೂಲಿ. ಬಾವಿಯಲ್ಲಿ ಯಾರೂ ಇಲ್ಲ. ಇನ್ನೊಂದು. ಅಜ್ಜಂಪುರ, ೨೦೦೪. ಉಚ್ಚಂಗಮ್ಮ, ೭೨. ಮತ್ತೊಂದು, ಕಡೂರು, ರೈಲ್ವೆ ಸ್ಟೇಷನ್ ಹಿಂದಿನ ಬಡಾವಣೆ. ಅಲ್ಲಿ ಊರ ಮುಂದೆ ಎಂಬುದೂ ಇಲ್ಲ, ಬಾವಿಯೂ ಇಲ್ಲ. ಅಲ್ಲಿಯೂ ಅದೇ ಹೆಂಗಸು, ಅದೇ ವಯಸ್ಸು, ಅದೇ ಮಾತು. ಊರಿನ ಹೆಸರು ಬದಲಾಯಿಸುವುದು ಹುಡುಗರಿಗೆ ಗೊತ್ತು. ಹೇಳಿಕೆ ಕೊಟ್ಟವರ ಹೆಸರನ್ನೂ ಬದಲಾಯಿಸಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಒಬ್ಬಳೇ ಮುದುಕಿ ಮೂರು ತಾಲ್ಲೂಕಿನ ಊರೂರಿನ ಬಾಗಿಲಲ್ಲಿ ಕೂತು, ಒಂದು ವರ್ಷವೂ ಹೆಚ್ಚು ಮುದುಕಿಯಾಗದೆ, ಬಾವಿಯಲ್ಲಿ ಯಾರೂ ಇಲ್ಲ ಎಂದು ಹೇಳುತ್ತಲೇ ಇದ್ದಳು.

ನಗು ಬರಬೇಕಿತ್ತು. ಅಕ್ಷತಾ ಜೊತೆಗಿದ್ದಿದ್ದರೆ ಬರುತ್ತಿತ್ತೇನೋ. ಆಗ ಹೆಬ್ಬೆಟ್ಟುಗಳನ್ನು ನೋಡಿದೆ. ಅವು ಆಯಾ ಹುಡುಗರದೇ ಬೆರಳು ಎಂಬುದು ಎಲ್ಲರಿಗೂ ಗೊತ್ತು. ಆಫೀಸಿನ ಸ್ಟಾಂಪ್ ಪ್ಯಾಡಿಗೆ ತಮ್ಮ ಹೆಬ್ಬೆರಳು ತಾಗಿಸಿ ಒತ್ತಿಬಿಡುತ್ತಾರೆ. ಒಂದು ದಪ್ಪ, ಒಂದು ಸಣಕಲು. ಆದರೆ ಒಂದೊಂದರ ನಡುವೆಯೂ ಓರೆಯಾಗಿ ಒಂದು ಬಿಳಿ ಗೆರೆ ಹಾದುಹೋಗಿತ್ತು, ಕುಡುಗೋಲು ತಾಗಿ ಮಾಸಿದ ಗಾಯದ ಹಾಗೆ. ಜೆರಾಕ್ಸಿನ ದೋಷ ಎಂದುಕೊಂಡು ಹಾಳೆ ತಿರುವಿದೆ. ಜೆರಾಕ್ಸ್ ಅಲ್ಲ. ನೇರಳೆ ಶಾಯಿ ಹಾಳೆಯ ಬೆನ್ನಿಗೂ ಇಳಿದಿತ್ತು.

ಎಲ್ಲಕ್ಕಿಂತ ಕೆಳಗಿನ ಕಟ್ಟಿನ ತಳದಲ್ಲಿದ್ದುದನ್ನು ಎಳೆದೆ. ಕಾಗದ ಚಹಾ ಬಣ್ಣಕ್ಕೆ ತಿರುಗಿತ್ತು. ವರ್ಷ ೧೯೯೩. ಊರು, ನಮ್ಮೂರು. ಬರೆದವರು, ರೇಣುಕಪ್ರಸಾದ್ ಜೆ., ತೃತೀಯ ಬಿ.ಎ. ಇದೇ ಮದರ್ ಕಾಪಿ. ಇದರ ಹೆಬ್ಬೆಟ್ಟು ಹುಡುಗನದಲ್ಲ. ಅಗಲವಾದ, ಸವೆದ, ಗೆರೆಗಳೇ ಅಳಿಸಿಹೋದ ಬೆರಳು. ನಡುವೆ ಅದೇ ಓರೆ ಗಾಯ.

ಸಂಜೆ ಬಸ್ಸು ಇಳಿದಾಗ ಅಜ್ಜಿ ಬಸ್‌ಸ್ಟ್ಯಾಂಡಿನ ಎದುರು ಬಿಸಿಲಿನಲ್ಲಿ ನಿಂತಿದ್ದಳು. ನಮ್ಮೂರ ಬಸ್‌ಸ್ಟ್ಯಾಂಡ್ ಎಂದರೆ ಸಿಮೆಂಟಿನ ಒಂದು ತಂಗುದಾಣ. ಹಣೆಯ ಮೇಲೆ ಅಮೃತಶಿಲೆಯ ಹಲಗೆ: ‘ದಿ. ಜಯದೇವಪ್ಪನವರ ಸ್ಮರಣಾರ್ಥ, ಮಕ್ಕಳಿಂದ.’ ಜಯದೇವಪ್ಪ ಎಂದರೆ ರೇಣುಕಪ್ರಸಾದ್ ಸರ್ ತಂದೆ. ಒಳಗೆ ನೆಲದ ಮೇಲೆ ಬಂಡಿಚಕ್ರದಷ್ಟು ಅಗಲಕ್ಕೆ ದುಂಡಗೆ ಒಂದು ಒದ್ದೆ ಗುರುತಿದೆ. ಏಪ್ರಿಲ್‌ನಲ್ಲೂ ಆರುವುದಿಲ್ಲ. ಪೈಪು ಸೋರುತ್ತಿದೆ ಎಂದು ಅಪ್ಪ ಮೂರು ಸಲ ಅಗೆಸಿ ನೋಡಿದ್ದಾನೆ. ಅಲ್ಲಿ ಪೈಪೇ ಇಲ್ಲ. ದಿನವೂ ಬೆಳಿಗ್ಗೆ ನಾನು ಆ ಒದ್ದೆಯ ಮೇಲೆ ನಿಂತು ಬಸ್ಸಿಗೆ ಕಾದಿದ್ದೇನೆ. ಕಾಲಿಗೆ ತಣ್ಣಗಿರುತ್ತದೆ. ಅಜ್ಜಿ ಮಾತ್ರ ನನಗೆ ಬುದ್ಧಿ ತಿಳಿದಾಗಿನಿಂದ ಒಂದು ದಿನವೂ ಅದರೊಳಗೆ ಕಾಲಿಟ್ಟವಳಲ್ಲ. ಮಳೆ ಬಂದರೆ ನೆನೆಯುತ್ತಾಳೆ.

ಮನೆಗೆ ಬಂದು ನೀರು ಕುಡಿದು ಕೇಳಿದೆ, “ಅಜ್ಜಿ, ಉಚ್ಚಂಗಮ್ಮ ಅಂದ್ರೆ ಯಾರು?”

ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು. ಕೈ ನಿಂತಿತು.

“ನಮ್ಮವ್ವ. ಯಾಕೆ?”

“ಅವ್ರ ಹೆಬ್ಬೆಟ್ಟಿನ ಮ್ಯಾಲೆ ಗಾಯ ಇತ್ತಾ?”

“ರಾಗಿ ಕುಯ್ಯೋವಾಗ ಕುಡ್ಲು ತಾಕಿತ್ತು. ನಿಂಗ್ಯಾರು ಹೇಳಿದ್ರು? ನೀನು ಹುಟ್ಟೋಕೆ ಎಂಟು ವರ್ಷ ಮುಂಚೇನೇ ಸತ್ತೋದ್ಳು.”

ಫೋನಿನಲ್ಲಿ ಹೊಡೆದುಕೊಂಡಿದ್ದ ೧೯೯೩ರ ನಾಲ್ಕನೇ ಪುಟವನ್ನು ಓದಿ ಹೇಳಿದೆ. ಒಂದೇ ತಾಯಿಯ ಮಕ್ಕಳು ಎಂಬಲ್ಲಿ ಅಜ್ಜಿ ಸುಮ್ಮನೆ ಕೇಳಿಸಿಕೊಂಡಳು. ಬಾವಿಯಲ್ಲಿ ಯಾರೂ ಇಲ್ಲ ಎಂದಾಗ ಎಲೆಯನ್ನು ತಟ್ಟೆಗೆ ಹಾಕಿದಳು.

“ಇನ್ನೊಂದ್ಸಲ ಓದು.”

ಓದಿದೆ.

“ಅವ್ವ ಹಂಗಂದಿಲ್ಲ.”

ಆಮೇಲೆ ಹೇಳಿದಳು. ಧ್ವನಿ ಏರಿಸದೆ, ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದಳು. ನಾನು ಇಲ್ಲಿ ಬರೆಯುವಾಗ ನನ್ನ ಧ್ವನಿ ಏರಿದರೆ ಅದು ನನ್ನದು, ಅವಳದಲ್ಲ.

ಬಸ್‌ಸ್ಟ್ಯಾಂಡ್ ಇರುವ ಜಾಗದಲ್ಲಿ ಸೇದುವ ಬಾವಿ ಇತ್ತು. ಕೇರಿಯವರು ಹಗ್ಗ ಮುಟ್ಟುವಂತಿಲ್ಲ. ಕೊಡ ಕೆಳಗಿಟ್ಟು ದೂರ ನಿಲ್ಲಬೇಕು. ಮೇಲುಬೀದಿಯ ಯಾರಾದರೂ ನೀರು ಸೇದಲು ಬಂದು, ಮನಸ್ಸಾದರೆ, ಎತ್ತರದಿಂದ ಸುರಿದಾರು. ಅಜ್ಜಿಗೆ ಆಗ ಒಂಬತ್ತು ವರ್ಷ, ಅವಳ ಅಕ್ಕ ಕೆಂಚಮ್ಮನಿಗೆ ಹದಿನಾಲ್ಕು. ಬೇಸಿಗೆಯ ಒಂದು ದಿನ ಬೆಳಿಗ್ಗೆಯಿಂದ ಇಬ್ಬರೂ ಕೊಡ ಇಟ್ಟು ನಿಂತಿದ್ದರು. ಮಧ್ಯಾಹ್ನವಾದರೂ ಯಾರೂ ಬರಲಿಲ್ಲ.

“ನಂಗೆ ಕಣ್ಣು ಕತ್ತಲೆ ಬಂತು. ‘ಇರೇ ಬತ್ತೀನಿ’ ಅಂತ ಹೋದ್ಳು. ಹಗ್ಗ ಹಿಡಿದ್ಳು. ನೀರು ಅರ್ಧ ಮ್ಯಾಕೆ ಬಂದಿತ್ತು. ಎಲ್ಲಿದ್ನೋ ಏನೋ, ಜಯದೇವಪ್ಪ ಓಡ್ಬಂದ. ಕಲ್ಲು ಎಸೆದ. ಹೆದರ್ಸಕ್ಕೆ ಅಂತ ಆಮ್ಯಾಕೆ ಅಂದ್ರು. ತಲೆಗೆ ಬಿತ್ತು. ಬಾವಿಯಾಗೆ ಉರುಳಿದ್ಳು.”

“ಎತ್ತಲಿಲ್ವಾ?”

“ಎತ್ಬೇಕಾದ್ರೆ ಯಾರಾದ್ರೂ ಇಳೀಬೇಕಲ್ಲ. ಅವ್ರು ಅವ್ಳನ್ನ ಮುಟ್ಟಲ್ಲ. ನಮ್ಮೋರು ಇಳಿಯಕ್ಕೆ ಹೋದ್ರೆ ಬಾವಿ ಮುಟ್ಟಂಗಿಲ್ಲ ಅಂತ ದೊಣ್ಣೆ ಹಿಡ್ಕೊಂಡ್ ನಿಂತ್ರು. ಮೂರು ದಿನ ಹಂಗೇ ಇತ್ತು. ಅವ್ವ ದಂಡೆ ತಾವ್ಲೇ ಕೂತಿದ್ಳು. ನಾಕನೇ ದಿನ ಗಾಡಿ ಕಟ್ಕೊಂಡ್ ಬಂದು ಮಣ್ಣು ತುಂಬಿದ್ರು. ನೀರು ಮೈಲಿಗೆ ಆಯ್ತಂತೆ.”

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಇಬ್ಬರೂ ಏಳಲಿಲ್ಲ.

“ಆ ಹುಡ್ಗ ಬಂದಿದ್ದು ನೆಪ್ಪೈತೆ” ಎಂದಳು ಅಜ್ಜಿ. “ಜಯದೇವಪ್ಪನ ಮಗ. ಕಾಲೇಜಾಗೆ ಬರೀಬೇಕು ಅಂತ ಪುಸ್ತಕ ಹಿಡ್ಕೊಂಡು ಬೇವಿನ ಮರದ ತಾವ ನಿಂತ್ಕೊಂಡ. ಅವ್ವ ಎಲ್ಲಾ ಹೇಳಿದ್ಳು. ಬಾವಿಯಾಗೆ ನನ್ ಮಗಳವ್ಳೆ, ಬರ್ಕೋ ಅಂದ್ಳು. ಬರ್ಕೊಂಡ. ಮಾರನೇ ದಿನ ಬೇರೆ ಹಾಳೆ ತಂದು ಇಲ್ಲಿ ಒತ್ತಮ್ಮ ಅಂದ. ಒತ್ತಿದ್ಳು. ಅವ್ಳಿಗೆ ಓದಕ್ಕೆ ಬತ್ತಿತ್ತಾ? ಸಾಯೋಗಂಟ ಹೇಳ್ಕೊಂಡ್ ಓಡಾಡಿದ್ಳು, ನನ್ ಮಗಳು ಕಾಲೇಜ್ ಪುಸ್ತಕದಾಗವ್ಳೆ ಅಂತ.”

ಮೂವತ್ತು ವರ್ಷ. ವರ್ಷಕ್ಕೆ ನಲವತ್ತೋ ಐವತ್ತೋ ಹುಡುಗರು. ಹೆತ್ತವಳ ಬಾಯಿಂದಲೇ, ಹೆತ್ತವಳ ಬೆರಳಿನಿಂದಲೇ, ಸಾವಿರ ಸಲಕ್ಕಿಂತ ಹೆಚ್ಚು, ನನ್ನ ಮಗಳು ಅಲ್ಲಿಲ್ಲ ಎಂದು ಬರೆಸಿದ್ದರು. ಕೊಲ್ಲುವುದು ಒಂದೇ ಸಲ ಆಗುವ ಕೆಲಸ ಎಂದುಕೊಂಡಿದ್ದೆ. ಅದನ್ನು ಇಳಿಸಿಕೊಳ್ಳಲೂ ಬರುತ್ತದೆ ಎಂದು ಆಗ ತಿಳಿಯಿತು.

ಇಷ್ಟಾದರೂ ನಾನು ಮೊದಲು ಬರೆದದ್ದು ಸುಳ್ಳನ್ನೇ. ಮರುದಿನ ಭಾನುವಾರ, ಬೆಳಿಗ್ಗೆ ಬಾಗಿಲಲ್ಲಿ ಕೂತು, ಫೋನು ನೋಡಿಕೊಂಡು ಒಂದನೇ ಪುಟದಿಂದ ಇಳಿಸುತ್ತಾ ಬಂದೆ. ಸಹಿ ಬೇಕು, ಮೇಜರ್ ಬೇಕು, ಓದಿ ಮುಂದೆ ಒಂದು ದಿನ ನಿಜ ಬರೆದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಕೈ ಮೂರು ಸೆಮಿಸ್ಟರಿನ ರೂಢಿಯಲ್ಲಿ ಓಡಿತು. ‘ಬಾವಿಯಲ್ಲಿ ಯಾರೂ ಇಲ್ಲ’ ಎಂಬುದಕ್ಕೂ ಅದು ತಡೆಯಲಿಲ್ಲ. ದುಂಡಗೆ ಬರೆಯಿತು.

ಅಪ್ಪನ ಪಂಚಾಯ್ತಿ ಚೀಲದಲ್ಲಿ ಸ್ಟಾಂಪ್ ಪ್ಯಾಡ್ ಇತ್ತು. ಹೆಬ್ಬೆರಳು ಅದ್ದಿ ಒತ್ತಿದೆ. ಎತ್ತಿ ನೋಡಿದರೆ ನಡುವೆ ಓರೆಯಾಗಿ ಬಿಳಿ ಗೆರೆ.

ನನ್ನ ಬೆರಳು ನೋಡಿಕೊಂಡೆ. ಗಾಯವಿಲ್ಲ, ಕೂದಲಿಲ್ಲ, ದಾರವಿಲ್ಲ. ಪಕ್ಕದಲ್ಲಿ ಮತ್ತೊಂದು ಒತ್ತಿದೆ. ಗೆರೆ ಬಂತು. ತೊಳೆದುಕೊಂಡು ಬಂದು ನೋಟ್‌ಬುಕ್ಕಿನ ಖಾಲಿ ಹಾಳೆಯ ಮೇಲೆ ಒತ್ತಿದೆ. ಅಲ್ಲಿ ಬರಲಿಲ್ಲ. ಅಲ್ಲಿ ನನ್ನ ಬೆರಳೇ ಮೂಡಿತು. ನಾಲ್ಕನೇ ಪುಟದ ಮೇಲೆ ಮಾತ್ರ ಅದು ಅವಳ ಬೆರಳಾಗುತ್ತಿತ್ತು. ನನ್ನ ಕೈಯನ್ನು ಯಾರೋ ಮಣಿಕಟ್ಟಿನ ಹತ್ತಿರ ಹಿಡಿದು ಹಾಳೆಗೆ ಒತ್ತಿಸಿದಂತೆ ಇಡೀ ತೋಳು ತಣ್ಣಗಾಯಿತು. ಬಸ್‌ಸ್ಟ್ಯಾಂಡಿನ ನೆಲ ಕಾಲಿಗೆ ತಾಗುವಾಗಿನ ತಂಪು.

ಆ ಹಾಳೆಯನ್ನು ಹರಿದೆ. ಹೊಸ ಹಾಳೆಯಲ್ಲಿ ಬರೆದೆ.

“ಊರ ಮುಂದಿನ ಬಾವಿ ಒಣಗಿರಲಿಲ್ಲ. ಬಾವಿಯಲ್ಲಿ ನನ್ನ ಮಗಳಿದ್ದಾಳೆ. ಹೆಸರು ಕೆಂಚಮ್ಮ. ವಯಸ್ಸು ಹದಿನಾಲ್ಕು. ನೀರು ಸೇದಿದ್ದಕ್ಕೆ ಕಲ್ಲು ಎಸೆದರು. ಎತ್ತಲು ಬಿಡಲಿಲ್ಲ. ಮೇಲೆ ಮಣ್ಣು ಹಾಕಿದರು.”

ಹೇಳಿಕೆ ಕೊಟ್ಟವರು: ಉಚ್ಚಂಗಮ್ಮ, ೭೨. ಅದನ್ನು ಬದಲಾಯಿಸಲಿಲ್ಲ. ಮೊದಲ ಸಲ ಅದು ಅವಳದೇ ಹೇಳಿಕೆಯಾಗಿತ್ತು. ಕೆಳಗೆ ಹೆಬ್ಬೆರಳು ಒತ್ತಿದೆ, ಅದೇ ಓರೆ ಗೆರೆ ಮೂಡಿತು. ಆಮೇಲೆ ಮೇಜರ್ ಫಾರಂ ಬಿಚ್ಚಿ, ಖಾಲಿ ಬಿಟ್ಟಿದ್ದ ಜಾಗದಲ್ಲಿ ಇತಿಹಾಸ ಎಂದು ಬರೆದೆ. ನೀರಿನ ಸರದಿ ಮುಗಿಸಿ ಬಂದ ಅಪ್ಪ ನನ್ನ ಹೆಗಲ ಮೇಲಿಂದ ಎರಡನ್ನೂ ಓದಿದ. ಅವನಿಗೂ ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ. ಬ್ಯಾಂಕ್ ಪರೀಕ್ಷೆಯ ಮಾತು ಎತ್ತಲಿಲ್ಲ. “ಅಕ್ಷರ ಚೆನ್ನಾಗೈತೆ” ಎಂದಷ್ಟೇ ಹೇಳಿ ಒಳಗೆ ಹೋದ.

ಸೋಮವಾರ ನಾನು ಅಸೈನ್‌ಮೆಂಟನ್ನು ಡೆಸ್ಕಿನ ಮೇಲೆ ಇಡುವಷ್ಟರಲ್ಲೇ ಅಕ್ಷತಾ ಫೋಟೋ ಹೊಡೆಯಲು ಫೋನು ಹಿಡಿದಿದ್ದಳು.

“ತಡಿಯೇ” ಎಂದೆ. “ಈ ಸಲ ಓದಿ ಬರೀರಿ. ನಾಕನೇ ಪುಟ ಹಳೇದಲ್ಲ, ಬೇರೆ ಬರ್ದಿದೀನಿ.”

“ಓದಕ್ಕೆ ಟೈಮ್ ಎಲ್ಲೈತೆ? ನಾಳಿದ್ದು ಲಾಸ್ಟ್ ಡೇಟು.”

“ಓದದೆ ಬರೀಬ್ಯಾಡ ಅಂದೆ. ಇದು ನಮ್ಮೂರಿಂದು, ನಮ್ಮನೇದು.”

“ಆಯ್ತು ತಾಯಿ, ಗ್ರೂಪಲ್ಲೂ ಹಾಕ್ತೀನಿ” ಎಂದು ನಿಜವಾಗಿಯೂ ಹಾಕಿದಳು. ‘ಎಲ್ಲರೂ ಓದಿ ಬರೆಯತಕ್ಕದ್ದು, ತ್ರಿವೇಣಿ ಮೇಡಂ ಆರ್ಡರ್.’ ಕೆಳಗೆ ಇಪ್ಪತ್ತು ನಗುವ ಮುಖಗಳು ಬಂದವು.

ಗುರುವಾರ ಮಧ್ಯಾಹ್ನ ಸರ್ ಕರೆಸಿದರು. ವಿಭಾಗದಲ್ಲಿ ಅವರೊಬ್ಬರೇ ಇದ್ದರು. ಫ್ಯಾನು ಕಿರುಗುಟ್ಟುತ್ತಿತ್ತು. ಮೇಜಿನ ಮೇಲೆ ನಮ್ಮ ಕ್ಲಾಸಿನ ಕಟ್ಟು, ಅದರ ಪಕ್ಕ ಬಿಡಿಯಾಗಿ ನನ್ನದು, ನಾಲ್ಕನೇ ಪುಟ ಮೇಲೆ ಮಾಡಿ ಇಟ್ಟಿತ್ತು. ನನ್ನ ಫಾರಂ ಅವರ ಕೈಯಲ್ಲಿತ್ತು.

“ಇತಿಹಾಸ” ಎಂದು ಓದಿದರು. “ಯಾಕಮ್ಮ?”

“ನಮ್ಮೂರ ಬಗ್ಗೆ ಬರೀಬೇಕು ಸರ್.”

“ಬರ್ದಿದೀಯಲ್ಲ.” ಹಾಳೆಯ ಮೇಲೆ ಬೆರಳಿಟ್ಟರು, ಹೆಬ್ಬೆಟ್ಟು ಮುಚ್ಚುವ ಹಾಗೆ. “ಇದು ಯಾರದು?”

“ನನ್ನದು ಸರ್. ಎಲ್ಲರೂ ಮಾಡೋ ಹಂಗೇ.”

“ನಿನ್ನ ಬೆರಳು ತೋರಿಸು.”

ತೋರಿಸಿದೆ. ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಾತು ಶುರುವಾದಾಗ ಅದು ಮೇಷ್ಟರ ಮಾತಾಗಿರಲಿಲ್ಲ, ನಮ್ಮೂರ ಮಾತಾಗಿತ್ತು.

“ಆಯಮ್ಮ ಹೇಳ್ದಂಗೇ ಬರ್ಕೊಂಡ್ ಹೋಗಿದ್ದೆ ನಾನು. ಅಪ್ಪಾಜಿ ಓದಿದ್ರು. ಹರಿದಾಕಿದ್ರು. ಯಾರೂ ಇಲ್ಲ ಅಂತ ಬರಿ ಅಂದ್ರು. ಇಪ್ಪತ್ತೊಂದು ವರ್ಷ ನಂಗೆ, ಅವ್ರ ಎದುರು ನಿಂತು ಮಾತಾಡಿದೋನಲ್ಲ. ಬರ್ದೆ. ಅದಕ್ಕೇ ಫಸ್ಟ್ ಪ್ರೈಜ್ ಕೊಟ್ರು. ಮಾದರಿ ಅಂತ ಇಟ್ರು.” ಕನ್ನಡಕದ ಕಡ್ಡಿ ಮಡಚಿದರು. “ನಾನು ಮೇಷ್ಟ್ರಾಗಿ ಬಂದ ಮ್ಯಾಲೆ ಆ ಒಂದು ಸಾಲು ತೆಗೆದು ಬೇರೆ ಮಾದರಿ ಬರ್ದು ಕೊಟ್ಟೆ. ಒಂದ್ಸಲ ಅಲ್ಲ, ಆರು ಸಲ. ಆದ್ರೂ ಹುಡುಗ್ರು ಆ ಸಾಲು ಬರ್ಕೊಂಡೇ ಬತ್ತಾರೆ. ಎಲ್ಲಿಂದ ಬರ್ಕೊಂಡ್ರಪ್ಪ ಅಂದ್ರೆ ಅವ್ರಿಗೇ ಗೊತ್ತಿಲ್ಲ.”

“ನೀವು ಬರೀ ತೆಗೆದ್ರಿ ಸರ್. ನಿಜ ಬರೀಲಿಲ್ಲ.”

ಅವರು ಕನ್ನಡಕ ಹಾಕಿಕೊಂಡರು. ಮತ್ತೆ ಮೇಷ್ಟರಾದರು.

“ನೋಡು ತ್ರಿವೇಣಿ, ಇತಿಹಾಸ ಅಂದರೆ ಆಧಾರ. ಮೂವತ್ತು ವರ್ಷದ ಹೇಳಿಕೆಗಳು ಒಂದು ರೀತಿ ಇವೆ, ನೀನೊಬ್ಬಳು ಇನ್ನೊಂದು ರೀತಿ ಬರೆದಿದ್ದೀಯ. ಒಬ್ಬರ ಮಾತನ್ನು ಯಾರೂ ಒಪ್ಪುವುದಿಲ್ಲ. ಈ ಪುಟ ಬದಲಾಯಿಸಿ ಕೊಡು, ಈಗಲೇ ಸಹಿ ಹಾಕುತ್ತೇನೆ. ಇಲ್ಲದಿದ್ದರೆ ನಿನ್ನ ಅಪ್ಪ ಹೇಳಿದ ಹಾಗೆ ಎಕನಾಮಿಕ್ಸ್ ತಗೋ.”

ಅಪ್ಪನ ಮಾತು ಇವರಿಗೆ ಹೇಗೆ ತಲುಪಿತು ಎಂದು ಕೇಳಲಿಲ್ಲ. ಊರಿನಲ್ಲಿ ನೀರು ಬಿಡುವವನ ಮಾತು ಎಲ್ಲ ಬೀದಿಗೂ ಹೋಗುತ್ತದೆ.

“ಬದಲಾಯಿಸಲ್ಲ ಸರ್.”

“ಹಾಗಾದರೆ ಉಳಿದವರದನ್ನೂ ನೀನೇ ನೋಡು” ಎಂದು ಕಟ್ಟಿನ ದಾರ ಬಿಚ್ಚಿ ಮೇಲಿನದನ್ನು ತೆಗೆದರು. ಅಕ್ಷತಾದು. ನಾಲ್ಕನೇ ಪುಟ ತೆಗೆದು ಗಟ್ಟಿಯಾಗಿ ಓದತೊಡಗಿದರು, ನನಗೆ ಪಾಠ ಹೇಳುವವರ ಹಾಗೆ. “ಊರು ಅಜ್ಜಂಪುರ. ಹೇಳಿಕೆ ಕೊಟ್ಟವರು ಉಚ್ಚಂಗಮ್ಮ. ಊರ ಮುಂದಿನ ಬಾವಿ ಒಣಗಿರಲಿಲ್ಲ. ಬಾವಿಯಲ್ಲಿ ನನ್ನ ಮಗಳಿದ್ದಾಳೆ.”

ಅಲ್ಲಿಗೆ ಓದು ನಿಲ್ಲಿಸಿದರು. ಇನ್ನೊಂದನ್ನು ತೆಗೆದರು. ತರೀಕೆರೆ. ಬಾವಿಯಲ್ಲಿ ನನ್ನ ಮಗಳಿದ್ದಾಳೆ. ಇನ್ನೊಂದು. ಕಡೂರು. ಹೆಸರು ಕೆಂಚಮ್ಮ. ವಯಸ್ಸು ಹದಿನಾಲ್ಕು. ಒಂದಾದ ಮೇಲೊಂದು ತೆಗೆದು ನಾಲ್ಕನೇ ಪುಟ ನೋಡಿ ಪಕ್ಕಕ್ಕಿಟ್ಟರು. ಓದಿ ಬರೆಯಿರಿ ಎಂದಿದ್ದೆ. ಓದಿರಲಿಲ್ಲ, ಇಳಿಸಿದ್ದರು. ನೀಲಿ, ಕಪ್ಪು, ಹಸಿರು ಶಾಯಿಯಲ್ಲಿ, ವಕ್ರ ಅಕ್ಷರದಲ್ಲಿ, ಕಾಗುಣಿತ ತಪ್ಪಿ, ನಲವತ್ಮೂರು ಊರಿನ ಉಚ್ಚಂಗಮ್ಮಂದಿರು ನಮ್ಮ ಮಗಳು ಅಲ್ಲಿದ್ದಾಳೆ ಎಂದು ಹೇಳುತ್ತಿದ್ದರು. ಪ್ರತಿಯೊಂದರ ಕೆಳಗೂ ಹೆಬ್ಬೆಟ್ಟು, ಹೆಬ್ಬೆಟ್ಟಿನ ನಡುವೆ ಓರೆ ಗೆರೆ.

ಒಂದರಲ್ಲಿ ಮಾತ್ರ ಗೆರೆ ಇರಲಿಲ್ಲ. ಊರು ಲಿಂಗದಹಳ್ಳಿ, ಬರೆದವನು ಹೊನ್ನೇಶ್. ಹೆಬ್ಬೆಟ್ಟು ಸಣ್ಣದು, ಸುಕ್ಕುಗಟ್ಟಿದ್ದು.

ಅದನ್ನು ನೋಡುತ್ತಿರುವಾಗಲೇ ಹೊನ್ನೇಶ್ ಬಾಗಿಲಲ್ಲಿ ನಿಂತಿದ್ದ. ಕ್ಲಾಸಿನಲ್ಲಿ ಕೊನೆಯ ಬೆಂಚಿನವನು, ಅಟೆಂಡೆನ್ಸ್ ಕೂಗಿದಾಗ ಬಿಟ್ಟರೆ ಬಾಯಿ ತೆರೆಯದವನು.

“ಸರ್, ನಂದು ವಾಪಸ್ ಬೇಕಿತ್ತು. ತಪ್ಪಾಗೈತೆ.”

“ಏನು ತಪ್ಪು?”

“ನಮ್ಮಜ್ಜಿ ಹತ್ರ ಹೆಬ್ಬೆಟ್ಟು ಹಾಕ್ಸಕ್ಕೆ ಹೋದೆ ಸರ್. ಓದಿ ಹೇಳು, ಓದದೆ ಒತ್ತಲ್ಲ ಅಂದ್ಳು. ನಾನೂ ಆಗ್ಲೇ ಓದಿದ್ದು. ಓದಿ ಹೇಳ್ದೆ. ಏನೂ ಅನ್ನಲಿಲ್ಲ, ಒತ್ತಿದ್ಳು. ಆಮೇಲಿಂದ ಮಾತೇ ಬಿಟ್ಟಿದ್ಳು.” ಅವನು ಒಂದು ಹೆಜ್ಜೆ ಒಳಗೆ ಬಂದ. “ಇವತ್ತು ಬೆಳಿಗ್ಗೆ ನಾನು ಬಸ್ಸತ್ತೋವಾಗ ಬಂದು ಅಂದ್ಳು, ಬಾವಿ ಸರಿ ಐತೆ ಕಣೋ, ಹೆಸರು ಕೆಂಚಮ್ಮ ಅಲ್ಲ. ನಮ್ಮೂರಳ ಹೆಸರು ಬ್ಯಾರೆ. ತಿದ್ಕೊಂಡ್ ಬಾ ಅಂತ.”

ಹೊನ್ನೇಶನ ಹಿಂದೆ, ಕಾರಿಡಾರಿನ ಬಿಸಿಲಿನಲ್ಲಿ, ಇನ್ನೂ ಐದಾರು ಜನ ನಿಂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಬ್ಬೊಬ್ಬರ ಕೈಯಲ್ಲೂ ಪೆನ್ನಿತ್ತು.

“ನಂದೂ ಸರ್” ಎಂದಿತು ಹಿಂದಿನಿಂದ ಒಂದು ಧ್ವನಿ. “ನಂದ್ರಲ್ಲಿ ವಯಸ್ಸು ತಪ್ಪೈತೆ.”

ರೇಣುಕಪ್ರಸಾದ್ ಸರ್ ಅವರನ್ನೆಲ್ಲ ನೋಡಿದರು. ಹೊನ್ನೇಶನ ಹಾಳೆಗಳನ್ನು ಅವನ ಕೈಗೆ ಕೊಟ್ಟರು. ಆಮೇಲೆ ನನ್ನ ಫಾರಂ ಎಳೆದುಕೊಂಡು, ಕಣ್ಣು ಹಾಯಿಸದೆ, ಅಲ್ಲಿ ಏನು ಬರೆದಿದೆ ಎಂದು ನೋಡದೆ, ಸಹಿ ಹಾಕಿದರು. ಉಚ್ಚಂಗಮ್ಮ ಹೆಬ್ಬೆಟ್ಟು ಒತ್ತಿದ ಹಾಗೆ. ಪಶ್ಚಾತ್ತಾಪದಿಂದ ಹಾಕಿದರು ಎಂದು ಬರೆದರೆ ನಾನೂ ಒಂದು ಸುಳ್ಳು ಬರೆದಂತೆ. ನಾನು ಬೇಗ ಆ ಕೋಣೆಯಿಂದ ಹೋಗಲಿ ಎಂದು ಹಾಕಿದರು. ನಾನು ನನ್ನ ನಾಲ್ಕನೇ ಪುಟವನ್ನು ಕಟ್ಟಿನ ಎಲ್ಲಕ್ಕಿಂತ ಮೇಲಿಟ್ಟು ಹೊರಗೆ ಬಂದೆ.

ಸಂಜೆ ಬಸ್ಸು ಇಳಿದಾಗ ಅಜ್ಜಿ ಬಿಸಿಲಿನಲ್ಲಿ ನಿಂತಿರಲಿಲ್ಲ. ತಂಗುದಾಣದ ಒಳಗೆ, ನೆಲದ ಮೇಲೆ, ಕಾಲು ಚಾಚಿ ಕೂತಿದ್ದಳು. ತಲೆಯ ಮೇಲೆ ಜಯದೇವಪ್ಪನ ಹಲಗೆ. ಪಕ್ಕದಲ್ಲಿ ಮನೆಯಿಂದ ತಂದ ಕೊಡದಲ್ಲಿ ತುಂಬಾ ನೀರಿತ್ತು.

“ಕುಡಿ” ಎಂದಳು. ನಾನು ಕುಡಿದು ಮುಗಿಸುವಷ್ಟರಲ್ಲಿ ಅವಳು ಅಂಗೈಯಿಂದ ಸಿಮೆಂಟನ್ನು ಸವರುತ್ತಿದ್ದಳು. “ನೋಡಿಲ್ಲಿ. ಆರ್ಹೋಗೈತೆ.”

ನಾನೂ ಮುಟ್ಟಿದೆ. ದುಂಡನೆಯ ಗುರುತು ಇರಲಿಲ್ಲ. ದಿನವಿಡೀ ಬಿಸಿಲು ಕುಡಿದ ನೆಲ, ಎಲ್ಲ ನೆಲದ ಹಾಗೆ, ಬೆಚ್ಚಗಿತ್ತು.

ಫೋನು ಸದ್ದು ಮಾಡಿತು. ಅಕ್ಷತಾ. ಮೊದಲು ಒಂದು ಫೋಟೋ ಬಂತು. ಅಜ್ಜಂಪುರದಲ್ಲಿ ಅವರ ಬೀದಿಯ ಕೊನೆಗಿರುವ ಅರಳಿಕಟ್ಟೆಯ ಪಕ್ಕದ ಸಿಮೆಂಟ್ ನೆಲ. ಅದರ ನಡುವೆ ಬಂಡಿಚಕ್ರದಷ್ಟು ಅಗಲಕ್ಕೆ, ದುಂಡಗೆ, ಒದ್ದೆ.

‘ಮಳೆ ಇಲ್ಲ, ಪೈಪ್ ಇಲ್ಲ, ಮಧ್ಯಾಹ್ನದಿಂದ ಹಿಂಗಾಗೈತೆ ಕಣೇ. ಏನಿದು?’

‘ನಿಮ್ಮಜ್ಜಿನ ಕೇಳು’ ಎಂದು ಬರೆದೆ.

ಎರಡು ನೀಲಿ ಗುರುತು ಬಂದವು. ಓದಿದಳು. ಅವಳು ಬರೆಯುತ್ತಿದ್ದಾಳೆ ಎಂದು ತೋರಿಸಿತು. ಅಜ್ಜಿ ಎದ್ದು ಸೆರಗು ಕೊಡವಿಕೊಂಡು ಕೊಡ ಸೊಂಟಕ್ಕಿಟ್ಟುಕೊಂಡಳು. ನಾವಿಬ್ಬರೂ ಮನೆ ಮುಟ್ಟುವವರೆಗೂ ಅಕ್ಷತಾ ಬರೆಯುತ್ತಲೇ ಇದ್ದಳು.